ಬ್ರೆಸ್ಟ್ ಬಂದರಿಗೂ ಮಲೆನಾಡಿನ ಊರಿಗೂ ನಂಟು ಬೆಸೆಯುವ ಬಗೆ

ಫ್ರಾನ್ಸಿನ ಬಂದರು ಊರೊಂದರ ಜೊತೆ ಶಿವಮೊಗ್ಗವೋ ಸಾಗರವೋ ತೀರ್ಥಹಳ್ಳಿಯೋ ಸಹೋದರಿ ನಗರದ ಒಪ್ಪಂದ, ಅಂದರೆ ಬೇರೆ ದೇಶದ ಊರಿನೊಂದಿಗೆ ಸ್ನೇಹ-ಸಹಕಾರದ ಒಪ್ಪಂದ, ಮಾಡಿಕೊಳ್ಳಬೇಕು ಎಂದ ಕೂಡಲೇ ಯಾರಾದರೂ ಕೇಳುತ್ತಾರೆ: ‘ನಮಗೆ ಸಮುದ್ರವೇ ಇಲ್ಲವಲ್ಲ, ಬಂದರಿನವರಿಗೆ ನಮ್ಮ ಹತ್ತಿರ ಏನು ಕೆಲಸ?’ ಇದಕ್ಕೆ ಬ್ರೆಸ್ಟ್ ಊರಿನ ಹಳೆಯ ನಂಟೇ ಉತ್ತರ ಕೊಡುತ್ತದೆ.

ಬ್ರೆಸ್ಟ್ ಇರುವುದು ಫ್ರಾನ್ಸಿನ ಬ್ರಿಟನಿ ಪ್ರಾಂತದ ಪಶ್ಚಿಮ ತುದಿಯಲ್ಲಿ. ಹದಿನೇಳನೆಯ ಶತಮಾನದಿಂದ ಅದು ಫ್ರೆಂಚ್ ನೌಕಾಪಡೆಯ ನೆಲೆ. 1944ರ ಆಗಸ್ಟ್-ಸೆಪ್ಟೆಂಬರಿನ ಮುತ್ತಿಗೆಯಲ್ಲಿ ಊರು ಹೆಚ್ಚುಕಡಿಮೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಡೆನ್ವರ್‌ನ ಈಸ್ಟ್ ಹೈಸ್ಕೂಲಿನ ಶಿಕ್ಷಕಿ ಅಮಾಂಡಾ ಕ್ನೆಕ್ಟ್ ಅಲ್ಲಿಗೆ ಹೋಗಿ, ಕಂಡದ್ದನ್ನು ಬಂದು ತಮ್ಮ ತರಗತಿಯಲ್ಲಿ ಹೇಳಿದರು. ಬ್ರೆಸ್ಟ್ ಆಸ್ಪತ್ರೆಯ ಮಕ್ಕಳ ವಿಭಾಗ ಮತ್ತೆ ಕಟ್ಟಲೆಂದು ಮಕ್ಕಳು ಚಿಲ್ಲರೆ ಕಾಸು ಕೂಡಿಸತೊಡಗಿದರು. ಕೂಡಿದ್ದು 32,000 ಡಾಲರ್. ಅಷ್ಟನ್ನೂ ಹತ್ತು ಸೆಂಟಿನ ನಾಣ್ಯದಲ್ಲಿ ಎಣಿಸಿದರೆ 3,20,000 ನಾಣ್ಯ. 1948ರಲ್ಲಿ ಎರಡೂ ಊರು ಸಹೋದರಿ ನಗರಗಳಾದವು. ಡೆನ್ವರ್ ಇರುವುದು ಕಡಲಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, 1,600 ಮೀಟರ್ ಎತ್ತರದಲ್ಲಿ. ನಮಗಾದರೂ ಬಾನು ತಿಳಿಯಾಗಿದ್ದ ದಿನ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಅದೇ ಡೆನ್ವರ್ 1984ರಿಂದ ನಮ್ಮ ಚೆನ್ನೈಗೂ ಸಹೋದರಿ ನಗರ.

ಈ ಪ್ರಸಂಗದಲ್ಲಿ ಮೊದಲು ನಡೆದದ್ದು ಕೆಲಸ, ಸಹಿ ಬಿದ್ದದ್ದು ಆಮೇಲೆ. ಇಲ್ಲಿ ಹೇಳುವುದೆಲ್ಲ ಆ ಕ್ರಮದಲ್ಲೇ ಇದೆ. ಸಹಿಯಿಂದ ಶುರುವಾದ ಒಪ್ಪಂದಗಳು ಶಾಲು, ಹಾರ, ಫೋಟೋ ಮುಗಿದ ಮೇಲೆ ಕಪಾಟು ಸೇರುತ್ತವೆ. ಮರುದಿನ ಬೆಳಿಗ್ಗೆ ಯಾರು ಏನು ಮಾಡಬೇಕು ಎಂಬುದು ಅವುಗಳಲ್ಲಿ ಬರೆದಿರುವುದಿಲ್ಲ.

ಯಾರ ಜೊತೆ, ಯಾವುದಕ್ಕೆ

ಬ್ರೆಸ್ಟ್‌ನ ನಂಟುಗಳಲ್ಲಿ ಎರಡು ಬಗೆ ಕಾಣುತ್ತದೆ. ಇಂಗ್ಲೆಂಡಿನ ಪ್ಲಿಮತ್, ಜರ್ಮನಿಯ ಕೀಲ್, ಇಟಲಿಯ ತಾರಾಂತೊ, ಜಪಾನಿನ ಯೊಕೊಸುಕ ಒಂದು ಬಗೆ: ನೌಕಾನೆಲೆಗೆ ನೌಕಾನೆಲೆ ಜೋಡಿ. ಡೆನ್ವರ್ ಮತ್ತು ಆಫ್ರಿಕದ ಬುರ್ಕಿನಾ ಫಾಸೊದ ಸಪೊನೆ ಇನ್ನೊಂದು ಬಗೆ. ಸಪೊನೆ ಕಡಲಿಲ್ಲದ ದೇಶದ ಒಂದು ಸಣ್ಣ ಊರು. ಮಲೆನಾಡಿನವರು ಬಾಗಿಲು ತಟ್ಟಬೇಕಾದದ್ದು ಈ ಎರಡನೆಯ ಸಾಲಿನಲ್ಲಿ ನಿಂತು. ‘ನಮ್ಮದೂ ಪ್ರವಾಸಿ ತಾಣ, ನಿಮ್ಮದೂ ಪ್ರವಾಸಿ ತಾಣ’ ಎಂದು ಬರೆದರೆ ಆ ಪತ್ರಕ್ಕೆ ಉತ್ತರ ಬರುವುದಿಲ್ಲ, ಏಕೆಂದರೆ ಆ ಮಾತನ್ನು ಜಗತ್ತಿನ ಯಾವ ಊರು ಬೇಕಾದರೂ ಬರೆಯಬಹುದು.

ಎರಡೂ ಕಡೆ ನಿಜವಾಗಿ ಹೊಂದುವ ಸಂಗತಿಗಳನ್ನೇ ಹಿಡಿಯಿರಿ. ಅವುಗಳಲ್ಲಿ ಗಟ್ಟಿಯಾದದ್ದು ಸಸ್ಯ. ಬ್ರೆಸ್ಟ್‌ನ ಸ್ಟಾಂಗ್ ಅಲಾರ್ ಕಣಿವೆಯಲ್ಲಿ 1975ರಲ್ಲಿ ಶುರುವಾದ ಸಸ್ಯ ಸಂರಕ್ಷಣಾಲಯವಿದೆ. ಅಳಿವಿನ ಅಂಚಿನ ಗಿಡಗಳನ್ನು ಉಳಿಸುವುದಕ್ಕೆಂದೇ ಕಟ್ಟಿದ ತೋಟ ಅದು. ನಮ್ಮ ಕಡೆ ಪಶ್ಚಿಮ ಘಟ್ಟದ ರಾಮಪತ್ರೆ ಜಡ್ಡಿಗಳಿವೆ (ರಾಮಪತ್ರೆ ಮರ ಬೆಳೆಯುವ ಕಾಡಿನ ಜೌಗು ನೆಲ), ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಇನ್ನೊಂದು ಸಂಗತಿ ಮಳೆ, ಅದರ ಮಾತು ಮುಂದೆ ಬರುತ್ತದೆ. ಮತ್ತೊಂದು ಭಾಷೆ. ಅಲ್ಲಿನ ಬೀದಿ ಫಲಕಗಳಲ್ಲಿ ಫ್ರೆಂಚಿನ ಜೊತೆ ಬ್ರಿಟನಿಯ ಸ್ವಂತ ನುಡಿಯಾದ ಬ್ರೆಟನ್ ಭಾಷೆಯೂ ಕಾಣುತ್ತದೆ. ತಮ್ಮ ನುಡಿಯನ್ನು ಶಾಲೆಯಲ್ಲಿ, ಫಲಕದಲ್ಲಿ ಉಳಿಸಿಕೊಳ್ಳುವ ಕಷ್ಟ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆಯ ಒಂದು ಎಳೆಯೂ ಇದೆ. ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳು 1788ರ ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದರು, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು, ನವೆಂಬರಿನಲ್ಲಿ ಹಡಗು ಹತ್ತಿ ಊರಿನ ಕಡೆ ಹೊರಟದ್ದು ಬ್ರೆಸ್ಟ್‌ನಿಂದ. 1763ರಲ್ಲಿ ಹೈದರಾಲಿ ಬಿದನೂರನ್ನು (ಈಗಿನ ನಗರ) ಗೆದ್ದು ಹೈದರ್‌ನಗರ ಎಂದು ಕರೆದ ಮೇಲೆ ನಮ್ಮ ಸೀಮೆಯೂ ಆ ರಾಜ್ಯದಲ್ಲೇ ಇತ್ತು. ಪತ್ರದಲ್ಲಿ ಇದಕ್ಕೆ ಒಂದು ವಾಕ್ಯ ಸಾಕು. ಆ ರಾಯಭಾರಿಗಳಲ್ಲಿ ಶಿವಮೊಗ್ಗದವರೂ ಇದ್ದರು ಎಂದೆಲ್ಲ ಬೆಳೆಸಲು ಹೋಗಬೇಡಿ. ಅಲ್ಲಿನ ದಾಖಲೆ ಕಚೇರಿಯವರು ಮೊದಲು ಪರೀಕ್ಷಿಸುವುದು ಅದನ್ನೇ.

ಇನ್ನೊಂದು ಮಾತು ತಾಲ್ಲೂಕು ಕೇಂದ್ರದವರಿಗೆ. ಬ್ರೆಸ್ಟ್ ನಗರ ಬೇರೆ, ‘ಬ್ರೆಸ್ಟ್ ಮೆಟ್ರೊಪೋಲ್’ ಬೇರೆ. ಮೆಟ್ರೊಪೋಲ್ ಎಂದರೆ ಎಂಟು ಊರುಗಳ ಒಕ್ಕೂಟ. ನೀರು, ಕಸ, ಟ್ರಾಮ್‌ನಂಥ ಕೆಲಸಗಳು ಅದರ ಕೈಯಲ್ಲಿವೆ. ತುಂಗೆಯ ನೀರು, ಒಳಚರಂಡಿ, ಕಸದ ವಿಲೇವಾರಿ ನಿಮ್ಮ ವಿಷಯವಾದರೆ ಪತ್ರ ಹೋಗಬೇಕಾದದ್ದು ಮೆಟ್ರೊಪೋಲಿಗೆ. ಫ್ರಾನ್ಸಿನಲ್ಲಿ 2005ರಿಂದ ನೀರು-ನೈರ್ಮಲ್ಯದ ಬಜೆಟ್ಟಿನ ಶೇ. 1ರವರೆಗೆ ಹೊರದೇಶದ ಸಹಕಾರಕ್ಕೆ ಬಳಸಲು ಕಾನೂನೇ ಇದೆ. ಆ ಎಂಟು ಊರುಗಳಲ್ಲಿ ಒಂದಾದ ಪ್ಲುಗಾಸ್ಟೆಲ್ ಸ್ಟ್ರಾಬೆರಿಗೆ ಹೆಸರಾದದ್ದು. ಅದಕ್ಕೆ ಅಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ಮಾಡಿದ್ದಾರೆ. ತೀರ್ಥಹಳ್ಳಿಯಂಥ ಅಡಿಕೆಯ ಊರಿಗೆ ದೊಡ್ಡ ಬಂದರಿಗಿಂತ ಬಂದರಿನ ಮಗ್ಗುಲಲ್ಲಿರುವ ಆ ತೋಟದ ಊರೇ ಸರಿಜೋಡಿ. ಒಂದೇ ಬೆಳೆಯ ಬೆಲೆಯ ಮೇಲೆ ಊರೆಲ್ಲ ನಿಂತಾಗ ಏನಾಗುತ್ತದೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುವ ಮಾತು.

ಮೊದಲ ಪತ್ರ

ಇದಕ್ಕೆ ಮೊದಲು ಒಂದು ಸಮಿತಿ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಏಳು ಜನರಲ್ಲಿ ಒಬ್ಬರು ಶಿಕ್ಷಕರು, ಒಬ್ಬರು ಲೆಕ್ಕ ಬಲ್ಲವರು, ಒಬ್ಬರು ಪ್ರತಿ ಸೋಮವಾರ ಇ-ಮೇಲ್ ತೆರೆದು ಉತ್ತರಿಸುವವರು ಇರಲೇಬೇಕು. ಈ ಮೂರನೆಯವರು ಸಿಗದಿದ್ದರೆ ಕೆಲಸಕ್ಕೆ ಕೈ ಹಾಕಬೇಡಿ. ಫ್ರಾನ್ಸಿನಲ್ಲೂ ಇಂಥದೇ ಏರ್ಪಾಡಿದೆ. ಬಹಳ ಊರುಗಳಲ್ಲಿ 1901ರ ಸಂಘ ಕಾಯ್ದೆಯ ಕೆಳಗೆ ‘ಕೊಮಿತೆ ದ ಜ್ಯುಮೆಲಾಜ್’ ಎಂಬ, ಸಹೋದರಿ ನಗರದ ಕೆಲಸ ನೋಡುವ ಸ್ವಯಂಸೇವಕರ ಸಂಘ ಇರುತ್ತದೆ. ಸಂಘಕ್ಕೆ ಸಂಘ ಬರೆದರೆ ಉತ್ತರ ಬೇಗ ಬರುತ್ತದೆ.

ಪತ್ರ ಒಂದು ಪುಟ ಮೀರಬಾರದು. ಎಡಗಡೆ ಫ್ರೆಂಚ್, ಬಲಗಡೆ ಇಂಗ್ಲಿಷ್, ಮೇಲೆ ಊರಿನ ಹೆಸರು ಕನ್ನಡದಲ್ಲಿ. ಮೊದಲ ಪ್ಯಾರಾದಲ್ಲಿ ನೀವು ಯಾರು, ಎಷ್ಟು ಜನರ ಊರು. ಎರಡನೆಯದರಲ್ಲಿ ಒಂದೇ ಒಂದು ಕೆಲಸ, ಅದರ ಅವಧಿ, ಅದಕ್ಕೆ ನಿಮ್ಮ ಕಡೆ ಈಗಾಗಲೇ ಏನು ಸಿದ್ಧವಿದೆ. ಮೂರನೆಯದರಲ್ಲಿ ಅವರಿಂದ ಏನು ಬೇಕು: ಒಂದು ಶಾಲೆಯ ಹೆಸರು, ಒಬ್ಬ ಶಿಕ್ಷಕರ ಸಂಪರ್ಕ, ಅಷ್ಟೇ. ಹಣದ ಮಾತು, ಆಹ್ವಾನದ ಮಾತು ಬೇಡ.

ಇಲ್ಲಿ ಒಂದು ಪದ ಕೈ ಕೊಡುತ್ತದೆ. ‘ಸಿಸ್ಟರ್ ಸಿಟಿ’ಯನ್ನು ಯಂತ್ರಾನುವಾದಕ್ಕೆ ಹಾಕಿದರೆ ‘ವಿಲ್ ಸರ್’ ಎಂದು ಬರಬಹುದು. ಫ್ರಾನ್ಸಿನಲ್ಲಿ ವಾಡಿಕೆಯ ಪದ ‘ಜ್ಯುಮೆಲಾಜ್’, ಅಂದರೆ ಅವಳಿಯಾಗಿಸುವುದು. ಅದು ತೂಕದ ಮಾತು. ಆ ಪದ ಕೇಳಿದ ಕೂಡಲೇ ಕಾಲಮಿತಿಯಿಲ್ಲದ ಬದ್ಧತೆ, ವರ್ಷವರ್ಷ ಬಜೆಟ್ ಎಂದು ಅಲ್ಲಿನ ಅಧಿಕಾರಿಗಳು ಹಿಂಜರಿಯುತ್ತಾರೆ. ಮೊದಲ ಪತ್ರದಲ್ಲಿ ‘ಸ್ನೇಹದ ಒಡಂಬಡಿಕೆ’ ಎಂಬರ್ಥದ ‘ಪಾಕ್ತ್ ದಾಮಿತಿಯೆ’ ಬಳಸಿ. ಫ್ರೆಂಚ್ ಭಾಗವನ್ನು ಆ ಭಾಷೆ ಓದಿದವರಿಂದ ಒಮ್ಮೆ ತಿದ್ದಿಸದೆ ಕಳಿಸಬೇಡಿ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತವರು ನಮ್ಮ ಜಿಲ್ಲೆಯಲ್ಲೂ ಸಿಗುತ್ತಾರೆ.

ಕಳಿಸುವ ಕಾಲವೂ ಮುಖ್ಯ. ಜುಲೈ, ಆಗಸ್ಟ್ ಬೇಡ, ಆಗ ಅರ್ಧ ಫ್ರಾನ್ಸ್ ರಜೆಯಲ್ಲಿರುತ್ತದೆ. ಸೆಪ್ಟೆಂಬರ್ ಶಾಲೆ ಶುರುವಾಗುವ ಗಡಿಬಿಡಿ. ಅಕ್ಟೋಬರ್ ಮೊದಲ ವಾರ ಅಥವಾ ಜನವರಿ ಎರಡನೆಯ ವಾರ ಹಿತ. ಆರು ವಾರ ಕಾದು ಒಮ್ಮೆ ನೆನಪಿಸಿ. ಅಲ್ಲಿನ ನಗರಸಭೆ ಚುನಾವಣೆ ಆರು ವರ್ಷಕ್ಕೊಮ್ಮೆ, 2020ರ ನಂತರದ್ದು 2026ಕ್ಕೆ. ಚುನಾವಣೆಗೆ ಮುಂಚಿನ ಆರು ತಿಂಗಳಲ್ಲಿ ಹೊಸ ನಂಟಿಗೆ ಯಾರೂ ಮುಂದಾಗುವುದಿಲ್ಲ.

ಮೊದಲ ವರ್ಷದ ಕೆಲಸ: ಮಳೆ ಅಳೆಯುವುದು

ಕನ್ನಡ ಮಾಧ್ಯಮದ ಏಳನೆಯ ತರಗತಿಗೂ ಬ್ರೆಸ್ಟ್‌ನ ಅದೇ ವಯಸ್ಸಿನ ಮಕ್ಕಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ‘ನಮ್ಮ ಸಂಸ್ಕೃತಿ’ ಎಂದು ಪ್ರಬಂಧ ಬರೆಸಿದರೆ ಬರೆಯುವುದು ಮೇಷ್ಟರೇ ಆಗುತ್ತದೆ. ಅಂಕಿಗೆ ಭಾಷೆ ಬೇಡ. ಬ್ರೆಸ್ಟ್‌ನಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ, ಅದೂ ವರ್ಷವಿಡೀ ಜಿಟಿಜಿಟಿ. ಆಗುಂಬೆಯಲ್ಲಿ 7,000 ಮಿಲಿಮೀಟರ್ ಮೀರುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ತಾವು ಮಳೆಯ ಊರಿನವರು ಎಂದುಕೊಂಡ ಮಕ್ಕಳಿಗೆ ನಮ್ಮ ಆಷಾಢದ ಒಂದು ವಾರದ ಲೆಕ್ಕ ಕಳಿಸಿ ನೋಡಿ, ಪ್ರಶ್ನೆಗಳು ತಾವಾಗಿ ಬರುತ್ತವೆ.

ಎರಡು ಲೀಟರಿನ ಬಾಟಲಿ ಕತ್ತರಿಸಿ ಮಾಡುವ ಮಾಪಕ ಬ್ರೆಸ್ಟ್‌ಗೆ ಸಾಕು, ನಮಗೆ ಸಾಲದು. ಅದರ ನೇರ ಭಾಗದಲ್ಲಿ ಸುಮಾರು 150 ಮಿಲಿಮೀಟರ್ ಮಾತ್ರ ಹಿಡಿಯುತ್ತದೆ. ಹೊಸನಗರ, ಆಗುಂಬೆ ಕಡೆ ಜೋರು ಹಿಡಿದ ದಿನ ಅದು ತುಂಬಿ ಚೆಲ್ಲಿರುತ್ತದೆ, ಚೆಲ್ಲಿದ ಲೆಕ್ಕ ಹೋದಂತೆಯೇ. 110 ಮಿಲಿಮೀಟರಿನ ಪಿವಿಸಿ ಪೈಪನ್ನು 60 ಸೆಂಟಿಮೀಟರ್ ಉದ್ದಕ್ಕೆ ನೇರವಾಗಿ ಕತ್ತರಿಸಿ, ಕೆಳಗೆ ಚಪ್ಪಟೆ ತಳದ ಮುಚ್ಚಳವನ್ನು ಸಾಲ್ವೆಂಟ್ ಅಂಟಿನಿಂದ ಕೂರಿಸಿ. ಒಂದು ರಾತ್ರಿ ನೀರು ತುಂಬಿಟ್ಟು ಸೋರುತ್ತದೆಯೇ ನೋಡಿ. ಪೈಪಿನ ಅರ್ಧವನ್ನು ನೆಲದಲ್ಲಿ ಹುಗಿಯಿರಿ, ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲಿರಲಿ. ಇನ್ನೂ ತಗ್ಗಿಗೆ ಬಂದರೆ ಕೆಂಪು ನೆಲದಿಂದ ಸಿಡಿದ ನೀರು ಒಳಗೆ ಬೀಳುತ್ತದೆ. ತಳ ಬಾಯಿ ಒಂದೇ ಅಗಲ ಇರುವುದರಿಂದ ಒಳಗೆ ನಿಂತ ನೀರಿನ ಆಳವೇ ಮಳೆಯ ಅಳತೆ. ತೆಳುವಾದ ಸ್ಟೀಲ್ ಸ್ಕೇಲ್ ಇಳಿಸಿ, ಒದ್ದೆಯಾದ ಗೆರೆ ಓದಿದರೆ ಆಯಿತು.

ಕಷ್ಟ ಇರುವುದು ಜಾಗದಲ್ಲಿ. ಹತ್ತಿರದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರ ಇರಬೇಕು. ನಲವತ್ತು ಅಡಿಯ ಅಡಿಕೆ ಮರ ಪಕ್ಕದಲ್ಲಿದ್ದರೆ ಎಂಬತ್ತು ಅಡಿ. ಮಲೆನಾಡಿನ ಶಾಲೆಗಳಲ್ಲಿ ಇಷ್ಟು ಬಯಲು ಸಿಗುವುದು ಆಟದ ಮೈದಾನದ ನಡುವೆ ಮಾತ್ರ, ಅಲ್ಲಿ ಮಾಪಕವನ್ನು ದನದಿಂದಲೂ ಚೆಂಡಿನಿಂದಲೂ ಕಾಯಬೇಕು, ಸುತ್ತ ನಾಲ್ಕು ಗೂಟ ಹೊಡೆದು ತಂತಿ ಬಿಗಿಯಿರಿ. ಸೂರಿನ ಹನಿ ಬೀಳುವ ಕಡೆ ಇಟ್ಟರೆ ಅಂಕಿ ಎರಡು ಪಟ್ಟೂ ಆಗಬಹುದು.

ದಿನಾ ಬೆಳಿಗ್ಗೆ 8.30ಕ್ಕೆ ಓದಿ, ನೀರು ಚೆಲ್ಲಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುವುದು, ಹೋಲಿಸಿ ನೋಡಲು ಅನುಕೂಲ. ಭಾನುವಾರ ಅಳೆಯದಿದ್ದರೆ ಸೋಮವಾರದ ಅಂಕಿಯನ್ನು ಎರಡು ಭಾಗ ಮಾಡಬೇಡಿ, ‘ಎರಡು ದಿನದ್ದು’ ಎಂದು ಬರೆಯಿರಿ. ಬೇಸಿಗೆಯ ಅಡ್ಡಮಳೆ ಕಾಲದಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ನೀರು ಆವಿಯಾಗದೆ ನಿಲ್ಲುತ್ತದೆ. ತಿಂಗಳ ಕೊನೆಗೆ ಗ್ರಾಫ್ ಹಾಳೆಯಲ್ಲಿ ಕಂಬ ಬರೆದು, ಫೋಟೋ ತೆಗೆದು ಕಳಿಸಿ.

ವಿಡಿಯೋ ಕರೆ ತಿಂಗಳಿಗೊಮ್ಮೆ ಸಾಕು. ನಮ್ಮ ಮಧ್ಯಾಹ್ನ 2.30 ಅವರಿಗೆ ಬೇಸಿಗೆಯಲ್ಲಿ 11 ಗಂಟೆ, ಚಳಿಗಾಲದಲ್ಲಿ 10. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ತಿದ್ದುತ್ತಾರೆ, ಆ ವಾರದ ಕರೆ ತಪ್ಪಿಹೋಗುವುದು ಇದರಿಂದಲೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಇಲ್ಲದಿರುವುದು ಹೊಸತಲ್ಲವಾದ್ದರಿಂದ ಬದಲಿ ದಿನವನ್ನು ಮೊದಲೇ ಗೊತ್ತುಮಾಡಿ. ದಸರಾ ರಜೆ, ಅವರ ಅಕ್ಟೋಬರ್ ಕೊನೆಯ ರಜೆ, ಕ್ರಿಸ್‌ಮಸ್ ಕಳೆದರೆ ಗಟ್ಟಿಯಾಗಿ ಸಿಗುವುದು ಜೂನ್ ತಿಂಗಳು, ಆಮೇಲೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ, ಮತ್ತೆ ಜನವರಿ.

ಹನ್ನೆರಡು ತಿಂಗಳ ಈ ಪಟ್ಟಿ, ಎರಡೂ ಶಾಲೆಯ ಮುಖ್ಯ ಶಿಕ್ಷಕರ ಸಹಿಯೊಂದಿಗೆ, ನಗರಸಭೆಗೆ ಕೊಡುವ ಅರ್ಜಿಯ ಮೊದಲ ಲಗತ್ತು. ಬರಿ ಮಾತಿಗೆ ಒಪ್ಪದ ಸದಸ್ಯರೂ ಇದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ.

ಕಡತದ ದಾರಿ

ನಮ್ಮ ಕಡೆ ಪಾಲಿಕೆಯೋ ಪುರಸಭೆಯೋ ತಾನಾಗಿ ವಿದೇಶಿ ಊರಿನೊಂದಿಗೆ ಸಹಿ ಹಾಕುವಂತಿಲ್ಲ. ಸಾಮಾನ್ಯ ಸಭೆಯ ನಿರ್ಣಯ, ಅಲ್ಲಿಂದ ಪೌರಾಡಳಿತ ನಿರ್ದೇಶನಾಲಯ, ನಗರಾಭಿವೃದ್ಧಿ ಇಲಾಖೆ, ಕೊನೆಗೆ ದೆಹಲಿಯ ವಿದೇಶಾಂಗ ಸಚಿವಾಲಯ. ರಾಜ್ಯಗಳಿಗೆ ಸಂಬಂಧಿಸಿದ ಇಂಥ ಕೆಲಸ ನೋಡಲೆಂದು ಅಲ್ಲಿ 2014ರಲ್ಲಿ ಒಂದು ವಿಭಾಗವೇ ಆಗಿದೆ. ಕರಡು ಒಪ್ಪಂದವನ್ನು ನಿರ್ಣಯದ ಜೊತೆಗೇ ಲಗತ್ತಿಸಿ. ಕರಡು ಇಲ್ಲದೆ ಹೋದ ಕಡತ ಸ್ಪಷ್ಟೀಕರಣ ಕೇಳಿಕೊಂಡು ಅಷ್ಟೂ ಮೆಟ್ಟಿಲು ಇಳಿದು ಬರುತ್ತದೆ.

ಫ್ರೆಂಚರ ದಾರಿ ಚಿಕ್ಕದು. ಅಲ್ಲಿನ ಊರುಗಳಿಗೆ ಹೊರದೇಶದ ಊರಿನೊಂದಿಗೆ ಸಹಕಾರ ನಡೆಸುವ ಅಧಿಕಾರವನ್ನು 1992ರ ಮತ್ತು 2007ರ ಕಾನೂನುಗಳು ಕೊಟ್ಟಿವೆ. ನಗರಸಭೆ ಮತ ಹಾಕಿ, ಒಪ್ಪಂದವನ್ನು ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್‌ಗೆ ತಲುಪಿಸಿದರೆ ಜಾರಿ. ಅವರದು ಎರಡು ತಿಂಗಳಲ್ಲಿ ಮುಗಿದು ನಮ್ಮದು ವರ್ಷ ಹಿಡಿದರೆ ಆಸಕ್ತಿ ಇಲ್ಲವೆಂದು ಅವರಿಗನ್ನಿಸುವುದು ಸಹಜ. ಕಡತ ಯಾವ ಮೇಜಿನ ಮೇಲಿದೆ ಎಂದು ತಿಂಗಳಿಗೊಮ್ಮೆ ಎರಡು ಸಾಲು ಬರೆದು ತಿಳಿಸುತ್ತಿರಿ.

ಒಪ್ಪಂದದಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆ ಇರಲಿ. ನಮ್ಮ ಮೇಯರ್ ಅವಧಿ ಒಂದು ವರ್ಷ, ಅವರದು ಆರು. ಅವರ ಒಂದು ಅವಧಿಯಲ್ಲಿ ನಮ್ಮಲ್ಲಿ ಆರು ಮೇಯರ್ ಬಂದು ಹೋಗುತ್ತಾರೆ. ಸಂಪರ್ಕದ ಹೊಣೆ ಆಯುಕ್ತರ ಕಚೇರಿಯ ಒಂದು ಹುದ್ದೆಗೂ ಸಂಘಕ್ಕೂ ಜಂಟಿಯಾಗಿರಲಿ. ಚುನಾಯಿತ ಸಭೆ ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲದಲ್ಲಿ ಶಾಲೆಯ ಕೆಲಸ ನಡೆಸಿ, ಸಹಿಗೆ ಆತುರ ಬೇಡ. ಅವಧಿ ಮೂರು ವರ್ಷ, ಬೇಡವಾದರೆ ಆರು ತಿಂಗಳ ನೋಟಿಸು, ‘ತಮ್ಮ ತಮ್ಮ ಖರ್ಚು ತಮ್ಮದು’ ಎಂಬ ಷರತ್ತು. ಕನ್ನಡ, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಬರೆದು, ಅರ್ಥದಲ್ಲಿ ಭಿನ್ನ ಬಂದರೆ ಯಾವುದು ನಿಲ್ಲುತ್ತದೆ ಎಂದೂ ನಮೂದಿಸಿ. ಕನ್ನಡ ಪ್ರತಿಯನ್ನು ಬಿಡಲೇಬೇಡಿ. ಊರಿನವರು ಓದಲಾಗದ ಒಪ್ಪಂದ ಊರಿನದಾಗುವುದಿಲ್ಲ.

‘ತಮ್ಮ ಖರ್ಚು ತಮ್ಮದು’ ಎಂಬುದು ಸಂಕೋಚದ ಮಾತಲ್ಲ, ರಕ್ಷಣೆ. ಬ್ರೆಸ್ಟ್‌ನ ಸಂಘವೊಂದು ಪ್ರೀತಿಯಿಂದ ಐನೂರು ಯೂರೋ ನಿಮ್ಮ ಸಂಘದ ಖಾತೆಗೆ ಹಾಕಿದರೆ ಅದು ವಿದೇಶಿ ವಂತಿಗೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಪಡೆಯುವುದು ಅಪರಾಧ. ನೋಂದಣಿಗೆ ಸಂಘ ಮೂರು ವರ್ಷ ನಡೆದಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು, ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಹೊಸ ಸಂಘಕ್ಕೆ ಇದು ಆಗದ ಮಾತು. ಖಾತೆ ಸಂಖ್ಯೆಯನ್ನು ಪತ್ರದಲ್ಲಿ ಅಚ್ಚು ಹಾಕಿಸಲೇಬೇಡಿ.

ಬೀಜಕ್ಕೂ ಇಂಥದೇ ಎಚ್ಚರ. ಸಸ್ಯದ ನಂಟು ಅಂದ ಮೇಲೆ ರಾಮಪತ್ರೆಯ ನಾಲ್ಕು ಬೀಜ ಲಕೋಟೆಯಲ್ಲಿ ಹಾಕೋಣ ಎಂದು ಮನಸ್ಸಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ವಿದೇಶದವರು ನಮ್ಮ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಯೂರೋಪಿನ ಒಳಗೆ ಹೋಗಲು ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಮಾಡಲಿ. ಮಕ್ಕಳು ಎಲೆಯ ಚಿತ್ರ ಬರೆದು ಕಳಿಸಲಿ.

ಬಂದು ಹೋಗುವುದು

ನಾವು ಹೋಗುವುದಾದರೆ ಷೆಂಗೆನ್ ವೀಸಾ, ಅರ್ಜಿ ಬೆಂಗಳೂರಿನಲ್ಲಿ. 30,000 ಯೂರೋ ರಕ್ಷೆಯ ಪ್ರಯಾಣ ವಿಮೆ ಕಡ್ಡಾಯ, ಮಕ್ಕಳಿದ್ದರೆ ತಂದೆತಾಯಿ ಇಬ್ಬರ ಒಪ್ಪಿಗೆ ಪತ್ರ. ಅಲ್ಲಿ ಮನೆಗಳಲ್ಲಿ ಉಳಿಯುವುದಾದರೆ ಆ ಮನೆಯವರು ತಮ್ಮ ನಗರಸಭೆಯಿಂದ ‘ಅತೆಸ್ತಾಸಿಯೊಂ ದಾಕೈ’ ಎಂಬ ಆತಿಥ್ಯ ಪತ್ರ ಮಾಡಿಸಿ, ಮೂಲ ಪ್ರತಿಯನ್ನೇ ಅಂಚೆಯಲ್ಲಿ ಕಳಿಸಬೇಕು. ಅದಕ್ಕೆ 30 ಯೂರೋ ಮುದ್ರಾಂಕ, ಒಂದು ತಿಂಗಳ ಕಾಲ ಹಿಡಿಯಬಹುದು. ಮೂರು ತಿಂಗಳು ಮುಂಚೆ ಕೇಳಿಡಿ.

ಅವರು ಬರುವುದಾದರೆ ನವೆಂಬರಿನಿಂದ ಫೆಬ್ರವರಿ. ಅಡಿಕೆ ಸುಲಿಯುವ ಕಾಲ, ಚಪ್ಪರದ ಕೆಳಗೆ ಊರೇ ಕೂತಿರುತ್ತದೆ, ಭಾಷಣಕ್ಕಿಂತ ಅದನ್ನು ನೋಡಲಿ. ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿ ಅತಿಥಿಯ ವಿವರದ ಫಾರಂ (ಹಿಂದೆ ‘ಸಿ ಫಾರಂ’ ಎನ್ನುತ್ತಿದ್ದದ್ದು) ತುಂಬಬೇಕು. ಹೋಮ್‌ಸ್ಟೇ ನಡೆಸುವವರಿಗೆ ಇದು ಗೊತ್ತು, ಮನೆಯವರಿಗೆ ಗೊತ್ತಿರುವುದಿಲ್ಲ, ಪೊಲೀಸರು ವಿಚಾರಿಸಲು ಬಂದಾಗ ಅತಿಥಿಯ ಎದುರು ಮುಜುಗರ. ಸಂಘದ ಒಬ್ಬರು ಎಲ್ಲ ಮನೆಗಳ ಫಾರಂ ತುಂಬಿಸುವ ಹೊಣೆ ಹೊರಲಿ.

ಕಾಣಿಕೆಗೆ ತುಪ್ಪ, ಪೇಡ ಕಟ್ಟಬೇಡಿ. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ನಿಲ್ದಾಣದಲ್ಲೇ ಕಸದ ಬುಟ್ಟಿ ಸೇರುತ್ತದೆ. ಗಂಧದ ಕೆತ್ತನೆಗೆ ಕಾಗದಪತ್ರದ ತೊಡಕು. ನಮ್ಮ ಹಸೆ ಚಿತ್ತಾರಕ್ಕೆ ಯಾವ ತೊಡಕೂ ಇಲ್ಲ. ಕೆಮ್ಮಣ್ಣು ಬಳಿದ ಬಟ್ಟೆಯ ಮೇಲೆ ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ದೀವರ ಹೆಣ್ಣುಮಕ್ಕಳಿಂದ ಅವರು ಹೇಳಿದ ಬೆಲೆಗೆ ಬರೆಸಿ. ಎರಡು ದಿನ ನೆರಳಲ್ಲಿ ಪೂರ್ತಿ ಒಣಗಿದ ಮೇಲೆ, ಚಿತ್ರ ಹೊರಮೈಗೆ ಬರುವಂತೆ ನಾಲ್ಕಿಂಚಿನ ಪೈಪಿಗೆ ಸುತ್ತಿ. ಒಳಮುಖವಾಗಿ ಬಿಗಿದರೆ ಅಕ್ಕಿಯ ಗೆರೆ ಅಮುಕಿಕೊಂಡು ಚಕ್ಕೆ ಏಳುತ್ತದೆ. ಜೊತೆಗೊಂದು ಚೀಟಿಯಲ್ಲಿ ಬರೆದವರ ಹೆಸರು, ಊರು, ಪ್ರತಿ ಆಕೃತಿಯ ಹೆಸರು ಕನ್ನಡದಲ್ಲೂ ಫ್ರೆಂಚಿನಲ್ಲೂ ಇರಲಿ. ಅದನ್ನು ನಗರಸಭೆಯ ಗೋಡೆಗಿಂತ ಮಳೆ ಅಳೆದ ತರಗತಿಯ ಗೋಡೆಗೆ ಹಾಕಲು ಕೇಳಿ.